ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ಸುಮ್ನೆ ತುಂಬಿಸಿಕೊಂಡು ಓಡಾಡಬೇಡಿ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿ ಹತ್ತು ನಿಮಿಷ ಆಗಿರಬಹುದು. ಧರ್ಮಸ್ಥಳಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಹೆಂಡತಿ, ಎಂಟು ವರ್ಷದ ಮಗಳು. ಮುಂದೆ ಒಂದು ಟೆಂಪೋ ಟ್ರಾವೆಲರ್ ನಿಧಾನವಾಗಿ ಇಳಿಯುತ್ತಿತ್ತು. ನಾನು ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಅದರ ಹಿಂದೆ ಬರುತ್ತಿದ್ದೆ. ಕಾಲು ಒತ್ತಿದ್ದು ಅಷ್ಟೇ ಇದೆ, ಪೆಡಲ್ ಮಾತ್ರ ಮೆಲ್ಲಗೆ ಕೆಳಗೆ ಹೋಗುತ್ತಿದೆ. ಕೆಸರು ಗದ್ದೆಯಲ್ಲಿ ಕಾಲು ಹೂತುಕೊಂಡ ಹಾಗೆ. ಕೊನೆಗೆ ಪೆಡಲ್ ನೆಲಕ್ಕೆ ತಾಗಿತು. ಗಾಡಿ ನಿಲ್ಲಲಿಲ್ಲ.

ಕಾಲು ತೆಗೆದು ಪಟಪಟ ಅಂತ ನಾಲ್ಕೈದು ಸಲ ಒತ್ತಿದೆ. ಸ್ವಲ್ಪ ಬ್ರೇಕ್ ಸಿಕ್ಕಿತು. ಸೆಕೆಂಡ್‌ಗೆ, ಆಮೇಲೆ ಫಸ್ಟ್ ಗೇರಿಗೆ ತಂದೆ. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ, ಗುಂಡಿ ಒತ್ತಿ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಎಳೆದೆ. ಅದು ತಂತಿಯ ಮೇಲೆ ಕೆಲಸ ಮಾಡುವುದರಿಂದ ಆಯಿಲ್ ಕೈಕೊಟ್ಟರೂ ಹಿಂದಿನ ಚಕ್ರ ಹಿಡಿಯುತ್ತದೆ. ಎಂಜಿನ್ ಮಾತ್ರ ಆಫ್ ಮಾಡಲಿಲ್ಲ. ಆಫ್ ಮಾಡಿದ್ದರೆ ಸ್ಟೇರಿಂಗೂ ಗಟ್ಟಿಯಾಗುತ್ತಿತ್ತು, ಇದ್ದಷ್ಟು ಬ್ರೇಕಿಗೂ ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸುವ ಭಾಗ) ಬಲ ಇರುತ್ತಿರಲಿಲ್ಲ. ಬೆಟ್ಟದ ಬದಿಯಲ್ಲಿ ಒಂದಿಷ್ಟು ಜಾಗ ಸಿಕ್ಕಿತು, ಅಲ್ಲಿ ನಿಲ್ಲಿಸಿದೆ. ಅಮ್ಮ ಒಂದು ಮಾತೂ ಆಡಲಿಲ್ಲ. ಮಗಳ ಕೈ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅದನ್ನು ಈಗ ನೆನೆಸಿಕೊಂಡರೂ ನನ್ನ ಕೈ ನಡುಗುತ್ತದೆ.

ಇದು ಇದ್ದಕ್ಕಿದ್ದಂತೆ ಆಗಿದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹನ್ನೊಂದು ವರ್ಷ ಹಳೆಯ ಸಣ್ಣ ಕಾರು. ಅದಕ್ಕೂ ಎರಡು ತಿಂಗಳ ಮೊದಲು ಬಾನೆಟ್ ತೆಗೆದಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗೆ ಬಂದಿತ್ತು. ಪ್ಯಾಡ್ ಸವೆದರೆ ಮಟ್ಟ ಇಳಿಯುತ್ತದೆ, ಅದು ನಿಜ. ಆದರೆ ಅದು ತಿಂಗಳುಗಟ್ಟಲೆ, ನಿಧಾನವಾಗಿ ಇಳಿಯುವಂಥದ್ದು. ನನ್ನ ಗಾಡಿಯಲ್ಲಿ ಹದಿನೈದು ದಿನಕ್ಕೇ ಮತ್ತೆ ಇಳಿಯಿತು. ಮೂರು ಸಲ ತುಂಬಿಸಿದೆ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ತೊಟ್ಟೂ ಬಿದ್ದಿರಲಿಲ್ಲ, ಹಾಗಾಗಿ ಲೀಕ್ ಇಲ್ಲ ಅಂದುಕೊಂಡೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಿಂಬದಿಯಲ್ಲಿ ಲೀಕ್ ಆದರೆ ಆಯಿಲ್ ನೆಲಕ್ಕೆ ಬೀಳಲೇಬೇಕು ಅಂತಿಲ್ಲ. ಸಿಲಿಂಡರ್ ಹಿಂದೆ ದೊಡ್ಡ ಕಪ್ಪು ತಟ್ಟೆಯ ಥರ ಇರುತ್ತಲ್ಲ, ಬೂಸ್ಟರ್, ಅದರ ಒಳಗೆ ಹೋಗಿ ಸೇರುತ್ತದೆ. ಹೊರಗಿನಿಂದ ಕಾಣುವ ಗುರುತು ಇಷ್ಟೇ: ಸಿಲಿಂಡರ್ ಮತ್ತು ಬೂಸ್ಟರ್ ಸೇರುವ ಜಾಗದ ಕೆಳಗೆ ಒದ್ದೆ, ಅಲ್ಲಿ ಬೂಸ್ಟರಿನ ಬಣ್ಣ ಗುಳ್ಳೆ ಎದ್ದು ಸುಲಿದಿರುತ್ತದೆ. ಬ್ರೇಕ್ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ. ನನ್ನ ಗಾಡಿಯಲ್ಲಿ ಅಂಗೈ ಅಗಲದಷ್ಟು ಬಣ್ಣ ಹೋಗಿ ತುಕ್ಕು ಕಾಣುತ್ತಿತ್ತು. ಟಾರ್ಚ್ ಹಿಡಿದು ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಕೊನೆಗೆ ಮನೆ ಹತ್ತಿರದ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಲೀಕ್ ಕಂಡುಹಿಡಿದರು, ಅದು ಸರಿಯೇ. ಆದರೆ ಹೊಸ ಸಿಲಿಂಡರ್ ಬೇಡ ಸಾರ್, ಸುಮ್ನೆ ಯಾಕೆ ಮೂರು ಸಾವಿರ ದಂಡ, ಕಿಟ್ ಹಾಕಿಕೊಡ್ತೀನಿ ಅಂದರು. ಕಿಟ್ ಅಂದರೆ ಒಳಗಿನ ರಬ್ಬರುಗಳು. ಲೇಬರ್ ಸೇರಿ ಒಂದು ಸಾವಿರದ ಒಳಗೇ ಮುಗಿಯಿತು. ಗಾಡಿ ವಾಪಸ್ ತೆಗೆದುಕೊಳ್ಳುವಾಗ ಜೋರಾಗಿ ಬ್ರೇಕ್ ಒತ್ತಿ ತೋರಿಸಿದರು. ಟೈರ್ ಕಿರ್ ಅಂತ ನಿಂತಿತು. ನಾನೂ ಒಪ್ಪಿಕೊಂಡು ಬಂದೆ.

ಆ ಪರೀಕ್ಷೆ ಯಾಕೆ ಸಾಲದು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಸಿಲಿಂಡರಿನ ಒಳಗೋಡೆಯಲ್ಲಿ ಗೆರೆ ಬಿದ್ದಿದ್ದರೆ, ತುಕ್ಕು ಹಿಡಿದು ಗುಂಡಿ ಬಿದ್ದಿದ್ದರೆ, ಹೊಸ ರಬ್ಬರ್ ಹಾಕಿದರೂ ಅದು ಗೋಡೆಗೆ ಸರಿಯಾಗಿ ಕೂರುವುದಿಲ್ಲ. ಜೋರಾಗಿ ಒತ್ತಿದಾಗ ಒತ್ತಡಕ್ಕೆ ರಬ್ಬರಿನ ಅಂಚು ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಬ್ರೇಕ್ ಸಿಗುತ್ತದೆ. ಹಗುರವಾಗಿ, ಬಹಳ ಹೊತ್ತು ಒತ್ತಿ ಹಿಡಿದಾಗ ಆ ಗೆರೆಗಳಲ್ಲಿ ಆಯಿಲ್ ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಊರಲ್ಲಿ ಹಾಗೆ ಒತ್ತಿ ಹಿಡಿಯುವ ಪ್ರಸಂಗವೇ ಕಡಿಮೆ. ಘಾಟಿಯಲ್ಲಿ ಪೂರ್ತಿ ಅದೇ ಕೆಲಸ ಅಲ್ವಾ? ಜೊತೆಗೆ ಹೀಗೆ ಒಳಗೊಳಗೇ ಜಾರಿದರೆ ಡಬ್ಬಿಯಲ್ಲಿ ಮಟ್ಟವೂ ಇಳಿಯುವುದಿಲ್ಲ. ಅವತ್ತು ಬೆಳಿಗ್ಗೆ ನಾನು ನೋಡಿಯೇ ಹೊರಟಿದ್ದೆ, ಮೇಲಿನ ಗೆರೆಯವರೆಗೂ ಇತ್ತು.

ನೀವೇ ನೋಡಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ, ಪೆಡಲ್ ಮೇಲೆ ಕಾಲಿನ ಭಾರ ಅಷ್ಟೇ ಬಿಟ್ಟು ಅರ್ಧ ನಿಮಿಷ ಹಾಗೇ ಇರಿ. ಬ್ರೇಕ್ ಒತ್ತಿಕೊಂಡು ಸ್ಟಾರ್ಟ್ ಮಾಡಿದಾಗ ಪೆಡಲ್ ಒಂದು ಸಲ ಸ್ವಲ್ಪ ತಗ್ಗುತ್ತದೆ, ಅದು ಸಹಜ. ಆಮೇಲೂ ಇಳಿಯುತ್ತಲೇ ಹೋದರೆ ಆ ಗಾಡಿಯನ್ನು ರಸ್ತೆಗೆ ತರಬೇಡಿ. ಸ್ಪಂಜಿನ ಹಾಗೆ ಮೆತ್ತಗಿದ್ದು ಎರಡು ಸಲ ಒತ್ತಿದಾಗ ಗಟ್ಟಿಯಾದರೆ ಏರ್ ಸೇರಿಕೊಂಡಿರಬಹುದು. ಅದನ್ನೂ ಬಿಡಬೇಡಿ.

ಘಾಟಿಯಲ್ಲಿ ನಮಗೆ ನೆರವಾಗಲು ನಿಂತವರಲ್ಲಿ ಒಬ್ಬರು, ನನ್ನ ಹತ್ತಿರ ಎಂಜಿನ್ ಆಯಿಲ್ ಇದೆ, ಡಬ್ಬಿಗೆ ಸ್ವಲ್ಪ ಹಾಕಿಕೊಂಡು ಇಳಿಯಿರಿ ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಪಕ್ಕದಲ್ಲಿದ್ದ ಜೀಪ್ ಡ್ರೈವರ್ ತಡೆದರು. ಎಂಜಿನ್ ಆಯಿಲ್, ಪವರ್ ಸ್ಟೇರಿಂಗ್ ಆಯಿಲ್ ಯಾವುದೂ ಅದಕ್ಕೆ ಬೀಳಬಾರದು. ಬಿದ್ದರೆ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರದವರೆಗಿನ ರಬ್ಬರೆಲ್ಲ ಊದಿಕೊಂಡು ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಬೇಕು, ಅದೂ ಸೀಲ್ ಒಡೆಯದ ಬಾಟಲಿಯಿಂದ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಕುಡಿದದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಓಡಾಡುವವರು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಲೇಬೇಕು.

ಅಮ್ಮ, ಹೆಂಡತಿ, ಮಗಳನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿದೆ. ಕಾರು ಟ್ರಕ್ಕಿನ ಮೇಲೆ ಚಿಕ್ಕಮಗಳೂರಿಗೆ ವಾಪಸ್ ಬಂತು. ಬೇರೆ ಮೆಕ್ಯಾನಿಕ್ ಸಿಲಿಂಡರ್ ಬಿಚ್ಚಿ, ನನ್ನ ಕಿರುಬೆರಳನ್ನು ಒಳಗೆ ಹಾಕಿಸಿ ಸವರಿ ನೋಡಲು ಹೇಳಿದರು. ಉಗುರಿಗೆ ಗೆರೆ ಸಿಕ್ಕಿತು. ಹೊಸ ಸಿಲಿಂಡರ್ ಹಾಕಿಸಿದೆ. ಒಳಗೆ ಆಯಿಲ್ ನಿಂತು ಬೂಸ್ಟರೂ ಕೆಟ್ಟಿತ್ತು, ಅದನ್ನೂ ಬದಲಾಯಿಸಬೇಕಾಯಿತು. ಮೊದಲ ಸಲವೇ ಸರಿಯಾಗಿ ಮಾಡಿಸಿದ್ದರೆ ಆಗುತ್ತಿದ್ದ ಖರ್ಚಿನ ಮೂರರಷ್ಟು ಆಯಿತು. ದುಡ್ಡಿನ ಮಾತು ಬಿಡಿ.

ನಿಮ್ಮ ಮೆಕ್ಯಾನಿಕ್ ಕಿಟ್ ಸಾಕು ಅಂದರೆ, ಬಿಚ್ಚುವಾಗ ಪಕ್ಕದಲ್ಲೇ ನಿಂತು ಒಳಗೋಡೆ ತೋರಿಸಿ ಅಂತ ಕೇಳಿ. ಕನ್ನಡಿಯ ಹಾಗೆ ನುಣ್ಣಗಿದ್ದರೆ ಮಾತ್ರ ಒಪ್ಪಿಕೊಳ್ಳಿ. ಉಗುರಿಗೆ ಏನಾದರೂ ತಗುಲಿದರೆ ಹೊಸದನ್ನೇ ಹಾಕಿಸಿ.