ಬ್ಲೂಬೆಲ್ ನೋಡಲು ಹೋಗುವವರು ಮೊಣಕಾಲಿನ ಹಿಂಬದಿಯನ್ನೂ ನೋಡಿಕೊಳ್ಳಿ

ಕಳೆದ ವರ್ಷ ಮೇ ತಿಂಗಳ ಮೊದಲ ಸೋಮವಾರ, ಬ್ಯಾಂಕ್ ಹಾಲಿಡೇ ದಿನ, ನಾನು, ನನ್ನ ಹೆಂಡತಿ, ಏಳು ವರ್ಷದ ಮಗಳು ಮತ್ತು ಊರಿನಿಂದ ಬಂದಿದ್ದ ಅಮ್ಮ, ಹೀಗೆ ನಾಲ್ವರು ಲಂಡನ್ನಿನ ವಾಯವ್ಯಕ್ಕಿರುವ ಚಿಲ್ಟರ್ನ್ಸ್ ಗುಡ್ಡಗಳ ಒಂದು ಕಾಡಿಗೆ ಬ್ಲೂಬೆಲ್ ಹೂ ನೋಡಲು ಹೋಗಿದ್ದೆವು. ಜೂನ್ ಮಧ್ಯದ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಎಡ ಮೂಲೆಯಿಂದ ತಾನಾಗಿಯೇ ಸೋರಿ ಅಂಗಿಯ ಮೇಲೆ ಬಿತ್ತು. ಕನ್ನಡಿ ನೋಡಿದರೆ ಮುಖದ ಅರ್ಧಭಾಗ ಜೋತುಬಿದ್ದಿತ್ತು. ಆ ಹೂವಿಗೂ ಈ ಮುಖಕ್ಕೂ ಸಂಬಂಧವಿದೆ ಎಂದು ತಿಳಿಯಲು ಆಸ್ಪತ್ರೆಯ ವೈದ್ಯೆಯೊಬ್ಬರು ಕೇಳಿದ ಒಂದು ಪ್ರಶ್ನೆ ಬೇಕಾಯಿತು. ಈ ಋತುವಿನಲ್ಲಿ ಇಂಗ್ಲೆಂಡಿನ ಕಾಡುಗಳಿಗೆ ಹೊರಟಿರುವ ಕನ್ನಡಿಗರು, ಅದರಲ್ಲೂ ಮಕ್ಕಳನ್ನು ಕರೆದುಕೊಂಡು ಹೋಗುವವರು, ನಾನು ಮಾಡಿದ ತಪ್ಪುಗಳನ್ನು ಮಾಡದಿರಲಿ ಎಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ಸೊರಬ ತಾಲ್ಲೂಕಿನವನು. 1957ರಲ್ಲಿ ಕಾಡಿನ ಮಂಗಗಳು ಸತ್ತುಬಿದ್ದು, ಜನರಿಗೂ ಜ್ವರ ತಗುಲಿ, ಕ್ಯಾಸನೂರು ಎಂಬ ಹೆಸರು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿದ್ದು ನಮ್ಮ ತಾಲ್ಲೂಕಿನಿಂದಲೇ. ಆ ಮಂಗನ ಕಾಯಿಲೆಯನ್ನು ಹರಡುವುದು ಉಣುಗು, ಅಂದರೆ ಇಂಗ್ಲಿಷಿನ ಟಿಕ್, ಎಂಬುದು ನಮ್ಮ ಕಡೆ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ದರಗು ತರಲು, ಸೌದೆ ತರಲು ಕಾಡಿಗೆ ಹೋಗುವವರು ಕೈಕಾಲಿಗೆ ಡಿಎಂಪಿ ಎಣ್ಣೆ ಸವರಿಕೊಳ್ಳಬೇಕು, ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ತೊಳೆದುಕೊಳ್ಳಬೇಕು ಎಂಬ ಮಾತನ್ನು ಕೇಳಿಕೊಂಡೇ ಬೆಳೆದವನು ನಾನು. ಅಂಥವನು ಇಂಗ್ಲೆಂಡಿಗೆ ಬಂದು ಉಣುಗಿನ ಬಾಯಿಗೆ ಸಿಕ್ಕೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಆದರೆ ಮಲೆನಾಡಿನವರು ಮೈಮರೆಯುವುದಕ್ಕೆ ಇಲ್ಲಿಯ ಕಾಡೇ ಒಂದು ಕಾರಣ. ಇಂಬಳವಿಲ್ಲ, ಕಾಟಿಯಿಲ್ಲ, ಹಾವಿನ ಭಯ ಅಷ್ಟಕ್ಕಷ್ಟೆ. ಕಾಲುದಾರಿ ತಿರುಗುವಲ್ಲೆಲ್ಲ ಕಂಬದ ಮೇಲೆ ಹಳದಿ ಬಾಣದ ಗುರುತು. ಬೀಚ್ ಮರಗಳ ಎಳೆಯ ಎಲೆಗಳು ಇನ್ನೂ ಪೂರ್ತಿ ಮುಚ್ಚಿಕೊಂಡಿರದ ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರಗಳಲ್ಲಿ ನೆಲಕ್ಕೆ ನೆಲವೇ ನೀಲಿಯಾಗಿರುತ್ತದೆ. ಪ್ರಪಂಚದಲ್ಲಿರುವ ಈ ಜಾತಿಯ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧ ಬ್ರಿಟನ್ನಿನಲ್ಲೇ ಇವೆ. ಒಮ್ಮೆ ತುಳಿದರೆ ಗಿಡ ಸುಧಾರಿಸಿಕೊಳ್ಳಲು ವರ್ಷಗಳೇ ಬೇಕಾಗುವುದರಿಂದ ದಾರಿ ಬಿಟ್ಟು ಇಳಿಯಬೇಡಿ ಎಂದು ಫಲಕದಲ್ಲಿ ಬರೆದಿದ್ದರು. ನಾವು ಸಭ್ಯರಾಗಿ ಹೂವನ್ನೇನೋ ತುಳಿಯಲಿಲ್ಲ. ಅದರ ಬದಲು ಹೂವಿಲ್ಲದ ಇನ್ನೊಂದು ಮಗ್ಗುಲಿಗೆ ಇಳಿದು, ಜರಿಗಿಡಗಳ ನಡುವೆ ಬಿದ್ದಿದ್ದ ಒಂದು ದಿಮ್ಮಿಯ ಮೇಲೆ ಕುಳಿತು ಚಿತ್ರಾನ್ನ, ಕೋಡುಬಳೆ ತಿಂದೆವು. ನಾನು ತೊಟ್ಟಿದ್ದು ಮೊಣಕಾಲಿನವರೆಗಿನ ಚಡ್ಡಿ. ಅಷ್ಟರಲ್ಲಿ ಎಲ್ಲೋ ನಾಯಿ ಬೊಗಳಿದಂತೆ ಒಂದು ಕೂಗು ಕೇಳಿಸಿತು. ಅಮ್ಮ ತಲೆಯೆತ್ತಿ, “ಇದು ಕಾಡುಕುರಿ ಅಲ್ವೇನೋ?” ಎಂದರು. ನಾನು ನಕ್ಕೆ. ಮನೆಗೆ ಬಂದು ನೋಡಿದರೆ ಅವರು ಹೇಳಿದ್ದೇ ಸರಿ: ಚೀನಾದಿಂದ ತಂದು ಸಾಕಿದ್ದ ಮುಂಟ್‌ಜ್ಯಾಕ್, ಅಂದರೆ ನಮ್ಮ ಕಾಡುಕುರಿಯ ಹತ್ತಿರದ ಬಳಗ, ತಪ್ಪಿಸಿಕೊಂಡು ದಕ್ಷಿಣ ಇಂಗ್ಲೆಂಡಿನ ಕಾಡುಗಳನ್ನೆಲ್ಲ ತುಂಬಿಕೊಂಡಿದೆ. ಜಿಂಕೆ ಇರುವಲ್ಲಿ ಉಣುಗು ಇದ್ದೇ ಇರುತ್ತದೆ ಎಂಬ ಮುಂದಿನ ಯೋಚನೆ ಮಾತ್ರ ನನಗೆ ಹೊಳೆಯಲಿಲ್ಲ. ಅಮ್ಮನಿಗೆ ಹೊಳೆದಿತ್ತು. ಸಂಜೆ ಮನೆ ಸೇರಿದಾಗ, “ಎಲ್ಲರೂ ಬಿಸಿನೀರು ಹೊಯ್ದುಕೊಳ್ಳಿ, ಕಾಡಿನ ಬಟ್ಟೆ ಹಾಸಿಗೆ ಮೇಲೆ ಹಾಕಬೇಡಿ” ಎಂದರು. “ಇದು ಚಳಿ ದೇಶ ಅಮ್ಮ, ಇಲ್ಲಿ ಅವೆಲ್ಲ ಇರಲ್ಲ” ಎಂದು ನಾನು ಸೋಫಾದ ಮೇಲೆ ಹಾಗೆಯೇ ಉರುಳಿಕೊಂಡೆ. ಹೆಂಡತಿ, ಮಗಳು ಅಮ್ಮನ ಮಾತು ಕೇಳಿದರು.

ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲಿನ ಅಥವಾ ಜರಿಗಿಡದ ತುದಿಗೆ ಹತ್ತಿ, ಮುಂಗಾಲುಗಳನ್ನು ಚಾಚಿಕೊಂಡು, ಉಜ್ಜಿಕೊಂಡು ಹೋಗುವ ಪ್ರಾಣಿಗಾಗಿ ಕಾದಿರುತ್ತದೆ. ಸಿಕ್ಕಿದ್ದನ್ನು ಹಿಡಿದು, ಮೆತ್ತಗಿನ ಚರ್ಮವನ್ನು ಹುಡುಕುತ್ತ ಮೇಲಕ್ಕೆ ನಡೆಯುತ್ತದೆ. ಮರಿಯ ನಂತರದ ಎರಡನೆಯ ಅವಸ್ಥೆಯ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಮನುಷ್ಯರಿಗೆ ರೋಗ ತಗುಲುವುದು ಬಹುಪಾಲು ಈ ಗಾತ್ರದ್ದರಿಂದಲೇ. ಕಚ್ಚಿದಾಗ ನೋವಾಗುವುದಿಲ್ಲ. ಇಂಬಳ ರಕ್ತ ಸುರಿಸಿಯಾದರೂ ತಾನು ಬಂದು ಹೋದದ್ದನ್ನು ಹೇಳಿ ಹೋಗುತ್ತದೆ. ಇದಕ್ಕೆ ಆ ಮರ್ಯಾದೆಯೂ ಇಲ್ಲ. ಒಂದು ಸಲ ಕಚ್ಚಿಕೊಂಡರೆ ಹಲವು ದಿನ ಅಲ್ಲಿಯೇ ಇರುತ್ತದೆ, ಮತ್ತು ಹೆಚ್ಚು ಹೊತ್ತು ಇದ್ದಷ್ಟೂ ಅದರ ಹೊಟ್ಟೆಯಲ್ಲಿರಬಹುದಾದ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ ನಮ್ಮ ಮೈಗೆ ದಾಟುವ ಅಪಾಯ ಹೆಚ್ಚುತ್ತದೆ. ಲೈಮ್ ಕಾಯಿಲೆ ಎಂದು ಕರೆಯುವುದು ಇದರಿಂದ ಬರುವ ರೋಗವನ್ನೇ. ಎಲ್ಲ ಉಣುಗಿನಲ್ಲೂ ಅದು ಇರುವುದಿಲ್ಲ, ಕಚ್ಚಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ನೋಡಿದರೆ ಯಾವುದರಲ್ಲಿ ಇದೆ ಎಂದು ಗೊತ್ತಾಗುವಂತಿಲ್ಲ.

ಬುಧವಾರ ರಾತ್ರಿ ಎಡ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಏನೋ ಕೈಗೆ ತಗುಲಿತು. ಒಣಗಿದ ಗಾಯದ ಹಕ್ಕಳೆಯೆಂದುಕೊಂಡು ಉಗುರಿನಿಂದ ಕೆರೆದೆ, ಬರಲಿಲ್ಲ. ಮೊಬೈಲಿನ ಟಾರ್ಚ್ ಹಿಡಿದು ನೋಡಿದ ಹೆಂಡತಿ, “ಇದಕ್ಕೆ ಕಾಲಿದೆ” ಎಂದಳು. ಆಗ ನಾನು ಮಾಡಿದ್ದು ಶುದ್ಧ ಅವಿವೇಕ. ಊರಿನಲ್ಲಿ ದನದ ಮೈಯಿಂದ ಉಣುಗು ಬಿಡಿಸುವಾಗ ಕಂಡಿದ್ದ ಉಪಾಯ ನೆನಪಾಗಿ, ಉಸಿರು ಕಟ್ಟಿ ತಾನೇ ಬಿಡಲಿ ಎಂದು ಕೊಬ್ಬರಿ ಎಣ್ಣೆ ಮೆತ್ತಿ ಹತ್ತು ನಿಮಿಷ ಕಾದೆ, ಬಳಿಕ ಬೆರಳ ತುದಿಯಲ್ಲಿ ಹಿಂಡಿ ಎಳೆದೆ. ಹೊಟ್ಟೆ ಒಡೆದು ಕೈಗೆ ಬಂತು, ಬಾಯಿಯ ಭಾಗ ಚರ್ಮದಲ್ಲೇ ಉಳಿಯಿತು. ಎಣ್ಣೆ, ವ್ಯಾಸಲಿನ್, ಸ್ಪಿರಿಟ್, ಬೆಂಕಿಕಡ್ಡಿ ಇವು ಯಾವುದನ್ನೂ ಹಚ್ಚಬಾರದು. ಹಿಂಸೆಯಾದಾಗ ಅದು ಹೊಟ್ಟೆಯಲ್ಲಿದ್ದುದನ್ನು ನಮ್ಮ ಗಾಯಕ್ಕೇ ಕಕ್ಕಬಹುದು. ಹಿಂಡುವುದಂತೂ ಕೂಡದು. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆದು, ಆಮೇಲೆ ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಉಣುಗು ಬಿಡಿಸುವುದಕ್ಕೆಂದೇ ಇರುವ ಪುಟ್ಟ ಪ್ಲಾಸ್ಟಿಕ್ ಕೊಕ್ಕೆಗಳೂ ಔಷಧದಂಗಡಿಯಲ್ಲಿ, ನಾಯಿಬೆಕ್ಕುಗಳ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಕೊಕ್ಕೆಯಾದರೆ ಅದರ ಮೇಲೆ ಬರೆದಂತೆ ತಿರುಗಿಸಬೇಕು. ಎರಡು ಕಾಫಿಯ ಬೆಲೆಯೂ ಆಗದ ಆ ಕೊಕ್ಕೆ ಈಗ ನಮ್ಮ ಕಾರಿನಲ್ಲಿ, ಅಡುಗೆಮನೆಯಲ್ಲಿ, ನನ್ನ ಪರ್ಸಿನಲ್ಲಿ ಹೀಗೆ ಮೂರು ಕಡೆ ಇದೆ.

ಸುಮಾರು ಎರಡು ವಾರದ ನಂತರ ಅದೇ ಜಾಗದಲ್ಲಿ ಒಂದು ಮಚ್ಚೆ ಎದ್ದಿತು. ಲೈಮ್ ಕಾಯಿಲೆಯ ಚಿತ್ರಗಳಲ್ಲಿ ತೋರಿಸುವುದು ಬಿಳಿಯ ಚರ್ಮದ ಮೇಲಿನ ಕೆಂಪು ವೃತ್ತ, ನಡುವೆ ಬೊಟ್ಟು, ಸುತ್ತ ಬಳೆ. ನನ್ನ ಗೋಧಿ ಬಣ್ಣದ ಕಾಲಿನ ಮೇಲೆ ಕೆಂಪೂ ಇರಲಿಲ್ಲ, ಬಳೆಯೂ ಇರಲಿಲ್ಲ; ಪೆಟ್ಟು ಬಿದ್ದು ಕಂದಿದ ಹಾಗೆ ಒಂದು ಮಸುಕು ಕಲೆ, ಅಷ್ಟೆ. ನೋವಿಲ್ಲ, ತುರಿಕೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮಂಥವರ ಚರ್ಮದ ಮೇಲೆ ಇದನ್ನು ಗುರುತಿಸುವುದು ಕಷ್ಟ ಎಂಬ ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ. ನಾನು ಅದನ್ನು ಗಜಕರ್ಣ ಎಂದು ತೀರ್ಮಾನಿಸಿ, ಊರಿನಿಂದ ತಂದಿಟ್ಟಿದ್ದ, ಚೀಟಿಯಿಲ್ಲದೆ ಸಿಗುವ ಮುಲಾಮನ್ನು ಹಚ್ಚತೊಡಗಿದೆ. ಕ್ಲಿನಿಕ್ಕಿಗೆ ಫೋಟೊ ಕಳುಹಿಸಿದಾಗಲೂ ಫೋನಿನಲ್ಲಿ ಬಂದ ಉತ್ತರ ಗಜಕರ್ಣವೆಂದೇ. ಅವರನ್ನು ದೂರುವ ಮನಸ್ಸಿಲ್ಲ, ಏಕೆಂದರೆ ನಾನು ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದ ಮಂಕು ಫೋಟೊ ಕಳುಹಿಸಿದ್ದೆ. ಕಾಡಿಗೆ ಹೋದದ್ದನ್ನಾಗಲಿ, ಉಣುಗು ಕಿತ್ತದ್ದನ್ನಾಗಲಿ ಬಾಯಿ ಬಿಟ್ಟು ಹೇಳಿರಲಿಲ್ಲ. ಕಲೆ ಅಂಗೈಯಗಲವಾಗಿ ಮೆಲ್ಲಗೆ ಮಾಸಿತು. ನಡುವೆ ನಾಲ್ಕು ದಿನ ಮೈಕೈ ನೋವು, ಸಣ್ಣ ಜ್ವರ ಬಂದು ಹೋಯಿತು. ಆಫೀಸಿನಲ್ಲಿ ಎಲ್ಲರಿಗೂ ನೆಗಡಿಯಿತ್ತು, ನನಗೂ ಅದೇ ಎಂದುಕೊಂಡೆ.

ಮುಖ ಜೋತುಬಿದ್ದ ಬೆಳಿಗ್ಗೆ ಪಾರ್ಶ್ವವಾಯುವೇ ಎಂದು ಹೆದರಿ ಹೆಂಡತಿ 999ಕ್ಕೆ ಕರೆ ಮಾಡಿದಳು. ಅದು ಸರಿಯಾದ ಕೆಲಸ. ಮುಖ ಸೊಟ್ಟಗಾದಾಗ ಮನೆಯಲ್ಲಿ ಕುಳಿತು ಯಾರೂ ಲೆಕ್ಕ ಹಾಕಬಾರದು. ಆಸ್ಪತ್ರೆಯಲ್ಲಿ ವೈದ್ಯೆ ಹುಬ್ಬು ಎತ್ತಿ ಎಂದರು, ಎಡ ಹುಬ್ಬು ಏಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಎಂದರು, ಎಡ ರೆಪ್ಪೆ ಅರ್ಧಕ್ಕೇ ನಿಂತಿತು. ಕೈಕಾಲಿನ ಬಲ ಸರಿಯಿದ್ದು, ಹಣೆಯೂ ಸೇರಿ ಇಡೀ ಅರ್ಧಮುಖ ಸೋತಿದ್ದರಿಂದ ತೊಂದರೆ ಮಿದುಳಿನದ್ದಲ್ಲ, ಮುಖದ ನರದ್ದು ಎಂದು ವಿವರಿಸಿ, “ಇತ್ತೀಚೆಗೆ ಕಾಡು, ಹುಲ್ಲುಗಾವಲು ಎಲ್ಲಾದರೂ ಓಡಾಡಿದ್ದಿರಾ?” ಎಂದು ಕೇಳಿದರು. ಪಕ್ಕದಲ್ಲಿ ಕುಳಿತಿದ್ದ ಅಮ್ಮ, ಇಂಗ್ಲಿಷ್ ಹೆಚ್ಚು ಬಾರದಿದ್ದರೂ, ಕಾಡು ಎಂಬುದು ಮಾತ್ರ ಅರ್ಥವಾಗಿ ನನ್ನತ್ತ ನೋಡಿದರು. ರಕ್ತಪರೀಕ್ಷೆ ಲೈಮ್ ಎಂದು ಖಚಿತಪಡಿಸಿತು. ಈ ಪರೀಕ್ಷೆ ಹುಡುಕುವುದು ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು, ಅವು ಮೂಡಲು ಕೆಲವು ವಾರಗಳು ಬೇಕು; ಹಾಗಾಗಿ ಕಚ್ಚಿದ ಮರುವಾರವೇ ಪರೀಕ್ಷೆ ಮಾಡಿಸಿ, ಇಲ್ಲ ಎಂದು ಬಂದಿತೆಂದು ನಿಶ್ಚಿಂತರಾಗಬೇಡಿ. ಹರಡುವ ಆ ಮಚ್ಚೆ ಸ್ಪಷ್ಟವಾಗಿದ್ದರೆ ಪರೀಕ್ಷೆಗೆ ಕಾಯದೆಯೇ ಔಷಧ ಕೊಡಬಹುದೆಂದು ಇಲ್ಲಿಯ ವೈದ್ಯಕೀಯ ಮಾರ್ಗಸೂಚಿಯೇ ಹೇಳುತ್ತದೆ. ಅಂದರೆ ಮೇ ತಿಂಗಳಲ್ಲೇ ಮುಗಿಯಬೇಕಾದ ಕೆಲಸ ಇದು.

ನನಗೆ ಕೊಟ್ಟದ್ದು 21 ದಿನಗಳ ಡಾಕ್ಸಿಸೈಕ್ಲಿನ್. ಲೋಟ ತುಂಬ ನೀರಿನೊಂದಿಗೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಬಿಸಿಲಿಗೆ ಮೈಯೊಡ್ಡಬಾರದು. ಮಾತ್ರೆಗಿಂತ ಕಷ್ಟವಾದದ್ದು ಉಳಿದ ದಿನಚರಿ. ಮುಚ್ಚದ ಕಣ್ಣಿಗೆ ಹಗಲು ಹನಿ ಹಾಕಿ ರಾತ್ರಿ ಪಟ್ಟಿ ಅಂಟಿಸಿ ಮಲಗುತ್ತಿದ್ದೆ. ಸಾರು ಕುಡಿದರೆ ಸೋರುತ್ತಿತ್ತು, ಅನ್ನ ಎಡ ಕೆನ್ನೆಯಲ್ಲೇ ಉಳಿಯುತ್ತಿತ್ತು. ಪ, ಬ, ಮ ಹೇಳಲು ತುಟಿ ಕೂಡುತ್ತಿರಲಿಲ್ಲ. ‘ಅಪ್ಪ’ ಎನ್ನಲು ಬಾರದ ಅಪ್ಪನನ್ನು ಕಂಡು ಮಗಳು ಮೊದಲು ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು. ಮುಖ ಮೊದಲಿನಂತಾಗಲು ಎರಡು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಸುಸ್ತು ಇನ್ನೂ ಸ್ವಲ್ಪ ದಿನ ಇತ್ತು.

ಕಾಡಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ನಾವು ಈ ವರ್ಷವೂ ಹೋಗಿ ಬಂದೆವು. ಉದ್ದ ಪ್ಯಾಂಟು ತೊಟ್ಟು ಅದರ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡಿದ್ದೆವು. ನೋಡಲು ಹಾಸ್ಯಾಸ್ಪದವಾಗಿರುತ್ತದೆ, ಇರಲಿ. ಉಣುಗು ಹರಿದರೆ ಕಾಣುವಂತೆ ಬಟ್ಟೆಯ ಬಣ್ಣ ತಿಳಿಯಾಗಿರಬೇಕು, ಡೀಟ್ ಎಂಬ ಕೀಟನಿವಾರಕ ಇರುವ ಸ್ಪ್ರೇ ಹಚ್ಚಿಕೊಳ್ಳಬೇಕು, ದಾರಿಯ ನಡುವೆಯೇ ನಡೆಯಬೇಕು. ಮನೆಗೆ ಬಂದ ಮೇಲೆ ಬಟ್ಟೆಯನ್ನು ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಒಗೆದರೆ ಅವು ಸಾಯುವುದಿಲ್ಲ, ಡ್ರೈಯರಿನ ಬಿಸಿಗೆ ಸಾಯುತ್ತವೆ. ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಸೊಂಟಪಟ್ಟಿಯ ಜಾಗ, ಮೊಣಕಾಲಿನ ಹಿಂಬದಿಗಳನ್ನು ಬೆರಳಾಡಿಸಿ ನೋಡಿಕೊಳ್ಳಬೇಕು. ಮಕ್ಕಳಿಗಾದರೆ ಕೂದಲಿನ ಅಂಚು, ಕಿವಿಯ ಹಿಂದೆ, ಕತ್ತಿನ ಹಿಂದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಇದನ್ನು ತಪ್ಪಿಸುವಂತಿಲ್ಲ. 2019ರಲ್ಲಿ ಪೂರ್ವ ಇಂಗ್ಲೆಂಡಿನ ಥೆಟ್‌ಫರ್ಡ್ ಕಾಡಿನ ಉಣುಗುಗಳಲ್ಲಿ ಮಿದುಳು ಜ್ವರದ ಒಂದು ವೈರಸ್ಸೂ ಪತ್ತೆಯಾಗಿದೆ. ಅದು ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ದಾಯಾದಿ. ಸದ್ಯ ಅದು ತೀರ ಅಪರೂಪ, ಆದರೆ ಚಳಿ ದೇಶ ಎಂಬ ನನ್ನ ವಾದಕ್ಕೆ ಅಲ್ಲಿಯೂ ಜಾಗವಿಲ್ಲ.

ಉಣುಗು ಕಚ್ಚಿದ್ದರೆ ಆ ದಿನಾಂಕವನ್ನು, ಹೋದ ಸ್ಥಳವನ್ನು ಫೋನಿನಲ್ಲಿ ಬರೆದಿಡಿ, ಮುಂದಿನ ಮೂರು ತಿಂಗಳು ಆ ಜಾಗವನ್ನು ಗಮನಿಸಿ. ಮಚ್ಚೆ ಎದ್ದರೆ ಅದರ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಎರಡು ದಿನ ಬಿಟ್ಟು ಇನ್ನೊಂದು ತೆಗೆದರೆ ಗೆರೆ ದಾಟಿದೆಯೋ ಇಲ್ಲವೋ ವೈದ್ಯರಿಗೇ ಕಾಣುತ್ತದೆ, ಆದರೆ ಆ ಎರಡನೆಯ ಫೋಟೊಗಾಗಿ ಕರೆಯನ್ನು ಮುಂದೂಡಬೇಡಿ. ಯಾವ ಮುಲಾಮನ್ನೂ ಹಚ್ಚಬೇಡಿ. ಮಚ್ಚೆಯಿಲ್ಲದೆ ಬರೀ ಜ್ವರ, ಮೈಕೈ ನೋವು ಬಂದರೂ ಜಿಪಿಗೆ, ಅಂದರೆ ಇಲ್ಲಿಯ ಕುಟುಂಬ ವೈದ್ಯರಿಗೆ, ಕರೆ ಮಾಡಿ, ಬಾಗಿಲು ಮುಚ್ಚಿದ್ದರೆ ಆರೋಗ್ಯ ಸಹಾಯವಾಣಿಯಾದ 111ಕ್ಕೆ ಮಾಡಿ, ಮೊದಲ ವಾಕ್ಯದಲ್ಲೇ ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು, ಇಂಥ ದಿನ, ಇಂಥ ಜಾಗದಲ್ಲಿ ಎಂದು ಹೇಳಿಬಿಡಿ.