ಫ್ರಾನ್ಸಿನ ಹಳ್ಳಿಮನೆ ಬಾಡಿಗೆ: ಶನಿವಾರ ಸಂಜೆ ಸಿಕ್ಕಿಹಾಕಿಕೊಳ್ಳುವ ಮುನ್ನ ಓದಿ

ನೈಋತ್ಯ ಫ್ರಾನ್ಸಿನ ದೋರ್ದೋನ್ ಕಡೆಯ ಹಳ್ಳಿಯೊಂದರಲ್ಲಿ ಒಂದು ವಾರ ಮನೆ ಬಾಡಿಗೆಗೆ ಹಿಡಿದು ಆರಾಮಾಗಿರೋಣ ಎಂದು ಜುಲೈನಲ್ಲಿ ಹೋದ ಬೆಂಗಳೂರಿನ ಕುಟುಂಬವೊಂದರ ರಜೆ ಮೊದಲ ದಿನವೇ ಹದಗೆಟ್ಟಿತು. ವೀಸಾ, ವಿಮಾನ, ಮನೆ ಎಲ್ಲ ಸರಿಯಾಗಿತ್ತು. ತೊಡಕಾದದ್ದು ಬೋರ್ದೋ ರೈಲು ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲಿ. ಕಾರು ಬುಕ್ ಆಗಿದ್ದು ಮಗನ ಹೆಸರಲ್ಲಿ, ಮುಂದಿಟ್ಟ ಕ್ರೆಡಿಟ್ ಕಾರ್ಡ್ ತಂದೆಯದು. ಕೀ ಕೊಡಲಿಲ್ಲ, ಮುಂಗಡ ಕಟ್ಟಿದ ಹಣವೂ ವಾಪಸ್ ಬರಲಿಲ್ಲ. ಸಾರ್ಲಾ ಪಟ್ಟಣದವರೆಗೆ ಲೋಕಲ್ ರೈಲು, ಅಲ್ಲಿಂದ ಟ್ಯಾಕ್ಸಿ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮಂಚದ ಮೇಲೆ ಬರೀ ಹಾಸಿಗೆ, ಬೆಡ್‌ಶೀಟ್ ಇಲ್ಲ. ಆರು ಜನರ ಕೈಲಿದ್ದದ್ದು ಒಂದು ಪ್ಯಾಕೆಟ್ ಅವಲಕ್ಕಿ, ಮಾರನೆಯ ದಿನ ಭಾನುವಾರ.

ಇದು ಗ್ರಹಚಾರವಲ್ಲ. ಅಲ್ಲಿನ ಪದ್ಧತಿಯೇ ಹಾಗೆ. ಗೊತ್ತಿದ್ದರೆ ಇದರಲ್ಲಿ ಒಂದೊಂದನ್ನೂ ತಪ್ಪಿಸಬಹುದು.

ಮೊದಲು ಕಾರು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಹಳ್ಳಿ ಬಸ್ಸುಗಳು ಬಹುಪಾಲು ಶಾಲಾ ಮಕ್ಕಳಿಗಾಗಿ ಓಡುವಂಥವು, ರಜೆಯಲ್ಲಿ ಇನ್ನೂ ಕಡಿಮೆ. ಬಾಡಿಗೆ ಕಂಪನಿ ಕೇಳುವುದು ಮುಖ್ಯ ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡ್. ಡೆಬಿಟ್ ಕಾರ್ಡನ್ನೂ ಬ್ಯಾಂಕಿನ ಫಾರೆಕ್ಸ್ ಕಾರ್ಡನ್ನೂ ಎಷ್ಟೋ ಕಡೆ ಠೇವಣಿಗೆ ಒಪ್ಪುವುದಿಲ್ಲ. ಕಾರ್ಡಿನಲ್ಲಿ ಠೇವಣಿ ಹಿಡಿದಿಡುವಷ್ಟು ಲಿಮಿಟ್ ಬಳಸದೆ ಉಳಿದಿರಬೇಕು, ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಆಗಿರಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಅದು ತಾನಾಗಿ ಆನ್ ಇರುವುದಿಲ್ಲ. ಪಿನ್ ನೆನಪಿರಲಿ. ಭಾನುವಾರ ಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಆಳಿರುವುದಿಲ್ಲ, ಯಂತ್ರಕ್ಕೆ ಕಾರ್ಡ್ ತೂರಿಸಿ ಪಿನ್ ಒತ್ತಬೇಕು. ನೀವು ಹಾಕಿಸಿದ್ದು 40 ಯೂರೋದ್ದಾದರೂ ಯಂತ್ರ ನೂರು ಚಿಲ್ಲರೆ ಯೂರೋ ಹಿಡಿದಿಟ್ಟು ಆಮೇಲೆ ಬಿಡಬಹುದು.

ಅದೇ ಬಂಕಿನಲ್ಲಿ ಇನ್ನೊಂದು ಅಪಾಯ. ಪೈಪಿನ ಮೇಲೆ 'ಗಾಜ಼ೊಲ್' ಎಂದಿದ್ದರೆ ಅದು ಡೀಸೆಲ್. ಅಕ್ಷರಕ್ಕಿಂತ ಗುರುತು ನಂಬಿ: ವೃತ್ತದೊಳಗೆ ಇ5, ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಕಾರಿನ ಟ್ಯಾಂಕ್ ಮುಚ್ಚಳದ ಒಳಬದಿಯಲ್ಲೂ ಸಾಮಾನ್ಯವಾಗಿ ಅದೇ ಗುರುತಿರುತ್ತದೆ, ಎರಡೂ ತಾಳೆಯಾದ ಮೇಲೆ ಹಾಕಿ. ಬಹುಪಾಲು ಎಥನಾಲ್ ಇರುವ ಇ85 ಕೂಡ ವೃತ್ತದಲ್ಲೇ ಇದೆ, ಬೆಲೆ ಕಡಿಮೆ ಎಂದು ಅದಕ್ಕೆ ಕೈ ಹಾಕಬೇಡಿ. ಗೇರಿಲ್ಲದ ಆಟೋಮ್ಯಾಟಿಕ್ ಕಾರು ಬೇಕಿದ್ದರೆ ತಿಂಗಳುಗಳ ಮೊದಲೇ ಬುಕ್ ಮಾಡಿ. ಊರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಲೈಸೆನ್ಸ್ ಜೊತೆಗೇ ಇಟ್ಟುಕೊಳ್ಳಿ. ಅದು ಒಂದು ವರ್ಷ ನಡೆಯುತ್ತದೆ. ರಸ್ತೆಯಲ್ಲಿ ಊರಿನ ಹೆಸರಿನ ಫಲಕ ಕಂಡಲ್ಲಿಂದ ಗಂಟೆಗೆ 50 ಕಿ.ಮೀ. ವೇಗಮಿತಿ, ಬೇರೆ ಸಂಖ್ಯೆ ಬರೆದಿರದಿದ್ದರೂ ಸರಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಅದು ಎಷ್ಟೇ ಸಣ್ಣ ರಸ್ತೆಯಾಗಿದ್ದರೂ.

ಜುಲೈ, ಆಗಸ್ಟ್‌ನಲ್ಲಿ ಹಳ್ಳಿಮನೆಗಳ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಕೀ ಸಿಗುವುದು ಸಂಜೆ ನಾಲ್ಕೋ ಐದಕ್ಕೋ. ಭಾನುವಾರ ದಿನಸಿ ಅಂಗಡಿ ತೆರೆದರೂ ಸಾಮಾನ್ಯವಾಗಿ ಮಧ್ಯಾಹ್ನ ಒಂದರವರೆಗೆ, ಸೋಮವಾರ ಎಷ್ಟೋ ಚಿಕ್ಕ ಅಂಗಡಿ, ಹೋಟೆಲುಗಳಿಗೆ ವಾರದ ರಜೆ. ಹಾಗಾಗಿ ಮನೆಗೆ ಹೋಗುವ ದಾರಿಯಲ್ಲೇ ದೊಡ್ಡ ಸೂಪರ್‌ಮಾರ್ಕೆಟಿಗೆ ನುಗ್ಗಿ ಮಂಗಳವಾರದವರೆಗಿನ ಹಾಲು, ಮೊಸರು, ತರಕಾರಿ, ಅಕ್ಕಿ ತುಂಬಿಕೊಳ್ಳಿ. ಊಟದ ಹೊತ್ತೂ ಕಟ್ಟುನಿಟ್ಟು: ಮಧ್ಯಾಹ್ನ ಎರಡಾದ ಮೇಲೆ ಹಳ್ಳಿಯ ಹೋಟೆಲಿನ ಅಡುಗೆಮನೆ ಮುಚ್ಚಿತೆಂದೇ ತಿಳಿಯಿರಿ. ಸಸ್ಯಾಹಾರಿಗಳು ಇನ್ನೂ ಹುಷಾರಾಗಿರಬೇಕು. ಸಾರ್ಲಾದ ಹೆಸರಾಂತ ಆಲೂಗೆಡ್ಡೆ ಹುರಿದ ಪಲ್ಯದಲ್ಲಿ ಕಣ್ಣಿಗೆ ಕಾಣುವುದು ಬೆಳ್ಳುಳ್ಳಿ, ಸೊಪ್ಪು ಮಾತ್ರ. ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಬರೀ ಸೊಪ್ಪಿನ ಸಲಾಡ್ ಎಂದುಕೊಂಡದ್ದರಲ್ಲೂ ಹಂದಿಮಾಂಸದ ಚೂರುಗಳಿರಬಹುದು. ಕೇಳಿಯೇ ತಿನ್ನಿ.

ಊರಿಂದ ಸಾರಿನ ಪುಡಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಹಾಲಿನ ಪುಡಿ ಬೇಡ: ಹೊರದೇಶದಿಂದ ಪ್ರಯಾಣಿಕರು ತರುವ ಹಾಲಿನ ಪದಾರ್ಥಗಳಿಗೆ ಯುರೋಪಿಯನ್ ಒಕ್ಕೂಟದಲ್ಲಿ ಪ್ರವೇಶವಿಲ್ಲ. ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದ ಹಸಿ ಕರಿಬೇವಿಗೂ ಇಲ್ಲ. ಒಲೆ ಯಾವುದೆಂದು ಮನೆಯವರನ್ನು ಮೊದಲೇ ಕೇಳಿ. ಇಂಡಕ್ಷನ್ ಆದರೆ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ.

ಬಿಸಿನೀರಿನದು ಯಾರೂ ಹೇಳದ ವಿಷಯ. ಅನೇಕ ಹಳ್ಳಿಮನೆಗಳಲ್ಲಿ ವಿದ್ಯುತ್ ದರ ಇಳಿಯುವ ರಾತ್ರಿ ಹೊತ್ತಿನಲ್ಲಷ್ಟೇ ಕಾಯುವ ಟ್ಯಾಂಕ್ ಇರುತ್ತದೆ. 200 ಲೀಟರಿನ ಟ್ಯಾಂಕಿನಲ್ಲಿ ಆರು ಜನ ಬೆಳಿಗ್ಗೆ ಸಾಲಾಗಿ ಸ್ನಾನ ಮಾಡಿದರೆ ಕೊನೆಯವರಿಗೆ ತಣ್ಣೀರೇ, ಮತ್ತೆ ಕಾಯುವುದು ಆ ರಾತ್ರಿಗೆ. ಹಾಗಾಗಿ ಎಲ್ಲರೂ ಕಡಿಮೆ ನೀರಿನಲ್ಲಿ ಸ್ನಾನ ಮುಗಿಸಿಕೊಳ್ಳಿ.

ಇನ್ನು ಕರಾರು. ಬೆಡ್‌ಶೀಟ್, ಟವೆಲ್, ಕೊನೆಯ ದಿನದ ಶುಚಿತನ, ಪ್ರವಾಸಿ ತೆರಿಗೆ ಬಾಡಿಗೆಯಲ್ಲಿ ಸೇರಿವೆಯೋ ಬೇರೆಯೋ ನೋಡಿ. ಬೇರೆ ಎಂದಿದ್ದರೆ ಶೀಟಿಗೆ ಮೊದಲೇ ಹೇಳಿಡಿ. ಮುಂಗಡವನ್ನು 'ಆರ್' (arrhes) ಎಂದು ಬರೆದಿದ್ದರೆ ನೀವು ರದ್ದು ಮಾಡಿದಾಗ ಅಷ್ಟೇ ಹೋಗುತ್ತದೆ, ಮಾಲೀಕರು ರದ್ದು ಮಾಡಿದರೆ ದುಪ್ಪಟ್ಟು ಕೊಡಬೇಕು. 'ಆಕೋಂತ್' (acompte) ಎಂದಿದ್ದರೆ ಪೂರ್ತಿ ಬಾಡಿಗೆಗೇ ಬದ್ಧರಾದಂತೆ. ವೀಸಾ ಸಿಗುವ ಮೊದಲೇ ಹಣ ಕಟ್ಟುವ ನಮ್ಮವರಿಗೆ ಈ ಒಂದು ಸಾಲು ಬಹಳ ಮುಖ್ಯ. ಬುಕಿಂಗ್ ಜಾಲತಾಣ ಬಿಟ್ಟು ನೇರವಾಗಿ ಖಾತೆಗೆ ಹಣ ಹಾಕಿ, ಕಡಿಮೆ ಮಾಡುತ್ತೇವೆ ಎನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ.

ಮನೆಗೆ ಕಾಲಿಟ್ಟ ಕೂಡಲೇ ಒಡೆದ ಲೋಟ, ಗೋಡೆಯ ಕಲೆಗಳ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಕೊನೆಯ ದಿನ ಠೇವಣಿ ಕಡಿತದ ಮಾತು ಬಂದರೆ ನಿಮ್ಮ ಕೈಲಿರುವ ಸಾಕ್ಷಿ ಅದೊಂದೇ. ಚರಂಡಿಯಿಲ್ಲದ ಹಳ್ಳಿಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇರುವುದರಿಂದ ಕರಿದ ಎಣ್ಣೆ, ವೆಟ್ ವೈಪ್ಸ್ ಒಳಗೆ ಬಿಡಬೇಡಿ. ಕಟ್ಟಿಕೊಂಡರೆ ತೆಗೆಸುವ ಖರ್ಚನ್ನು ಅದೇ ಠೇವಣಿಯಿಂದ ಹಿಡಿಯಬಹುದು. ರಾತ್ರಿಯೋ ಭಾನುವಾರವೋ ಔಷಧಿ ಬೇಕಾದರೆ ಸರದಿಯಂತೆ ತೆರೆದಿರುವ ಹತ್ತಿರದ ಮೆಡಿಕಲ್ ಶಾಪ್ ಯಾವುದೆಂದು 3237ಕ್ಕೆ ಕರೆ ಮಾಡಿ ತಿಳಿಯಬಹುದು, ತುರ್ತಿಗೆ 112.