ಪೆಟ್ರೋಲಿಯಂ ಇಂಜಿನಿಯರಿಂಗ್ ಎಂ.ಟೆಕ್ ರಿವ್ಯೂ: ಕ್ಲಾಸಿಗೆ 4 ಸ್ಟಾರ್, ಲ್ಯಾಬಿಗೆ ಒಂದೂವರೆ

ಕಾಲೇಜಿನ ಹೆಸರು ಹೇಳಲ್ಲ, ಕಾಮೆಂಟಲ್ಲೂ ಕೇಳ್ಬೇಡಿ. ಗೈಡ್ ಇನ್ನೂ ಅಲ್ಲೇ ಇದಾರೆ, ನಂದೊಂದು ಪೇಪರ್ ಡ್ರಾಫ್ಟು ಅವರ ಟೇಬಲ್ ಮೇಲೇ ಕೂತಿದೆ. ಉತ್ತರ ಭಾರತದಲ್ಲಿರೋ ಒಂದು ಇನ್ಸ್ಟಿಟ್ಯೂಟು ಅಷ್ಟು ಸಾಕು.

ನಮ್ಮೂರು ಚಳ್ಳಕೆರೆ. ಕಡ್ಲೆಕಾಯಿ ಎಣ್ಣೆ ಮಿಲ್ಲುಗಳಿಂದ ಎಣ್ಣೆ ನಗರ ಅಂತ ಹೆಸರು ತಗೊಂಡ ಊರು. ಎಣ್ಣೆ ಊರಿಂದ ಎಣ್ಣೆ ಓದೋಕೆ ಹೋಗ್ತಾನೆ ಅಂತ ಮನೇಲಿ ನಗಾಡಿದ್ರು, ಆದ್ರೆ ನಿಜ ಹೇಳ್ತೀನಿ, ಎರಡು ವರ್ಷದಲ್ಲಿ ನಾನು ಓದಿದ್ದರ ಸಾರ ಆ ಮಿಲ್ಲಲ್ಲೇ ಇತ್ತು. ಎಕ್ಸ್‌ಪೆಲ್ಲರ್‌ಗೆ ಹಾಕಿ ಹಿಂಡಿದ ಮೇಲೂ ಹಿಂಡೀಲಿ ನೂರಕ್ಕೆ ಏಳೆಂಟು ಪಾಲು ಎಣ್ಣೆ ಉಳಿದಿರುತ್ತೆ, ಅದನ್ನ ತೆಗೆಯೋಕೆ ಹೆಕ್ಸೇನ್ ಹಾಕೋ ಸಾಲ್ವೆಂಟ್ ಪ್ಲಾಂಟಿಗೆ ಕಳಿಸ್ತಾರೆ. ನೆಲದಡಿ ಕಲ್ಲಿನ ಕಥೇನೂ ಇದೇ, ಲೆಕ್ಕ ಮಾತ್ರ ತಿರುವುಮುರುವು: ಬಾವಿ ಕೊರೆದು, ತನ್ನಷ್ಟಕ್ಕೆ ಬರೋದೆಲ್ಲ ಬಂದ ಮೇಲೆ ನೀರು ಒತ್ತಿ ತಳ್ಳಿದ್ರೂ, ಎಷ್ಟೋ ಫೀಲ್ಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಕಲ್ಲಿನ ಸಂದೀಲೇ ಉಳ್ಕೊಳ್ಳುತ್ತೆ. ಆ ಉಳಿದಿದ್ದನ್ನ ತೆಗೆಯೋದು ಹೇಗೆ ಅನ್ನೋದೇ ಇಓಆರ್, ನನ್ನ ಥೀಸಿಸ್ಸೂ ಅದೇ.

ಮೊದ್ಲು ಕ್ಲಾಸ್ ವಿಷ್ಯ. ನಂದು ಬಿಇ ಕೆಮಿಕಲ್. ಎಂ.ಟೆಕ್ ಎಂಟ್ರೆನ್ಸ್ ಆದ ಗೇಟ್ ಪರೀಕ್ಷೇಲಿ 2017ರಿಂದ ಪೆಟ್ರೋಲಿಯಂಗೇ ಬೇರೆ ಪೇಪರ್ ಇದೆ, ನಾನು ಅದನ್ನೇ ಬರೆದೆ. ಸ್ಟೈಪೆಂಡ್ ತಿಂಗಳಿಗೆ 12,400, ಮೆಸ್ಸು ಟೀ ಕಳೆದು ಊರಿಗೆ ಬರೋ ಟ್ರೈನಿಗೆ ಮಾತ್ರ ಉಳಿಯುತ್ತೆ. ಪಾಠ ಮಾತ್ರ ಸೂಪರ್, ಸುಳ್ಳು ಹೇಳಲ್ಲ. ಫೀಲ್ಡಲ್ಲಿ ದುಡಿದು ರಿಟೈರ್ ಆದ ಒಬ್ಬ ಸರ್ ಬರ್ತಿದ್ರು, ಗುಜರಾತಿನ ಮೆಹಸಾಣಾ ಕಡೆ ಬಾಲೋಲ್, ಸಂಥಾಲ್ ಫೀಲ್ಡುಗಳಲ್ಲಿ ಎಣ್ಣೆ ಎಷ್ಟು ದಪ್ಪ ಅಂದ್ರೆ ಹರಿಯೋದೇ ಇಲ್ಲ, ಅದಕ್ಕೆ ಬಾವಿಯೊಳಗೆ ಗಾಳಿ ಒತ್ತಿ ನೆಲದೊಳಗೇ ಒಂದಿಷ್ಟು ಎಣ್ಣೆಗೆ ಬೆಂಕಿ ಹಚ್ಚಿ ಆ ಕಾವಿಗೆ ಉಳಿದಿದ್ದು ತೆಳ್ಳಗಾಗಿ ಹರಿಯೋ ಹಾಗೆ ಮಾಡ್ತಾರೆ ಅಂತ ಅವರು ಹೇಳ್ತಾ ಇದ್ರೆ ಬೆಳಗ್ಗೆ ಎಂಟರ ಕ್ಲಾಸಲ್ಲೂ ಯಾರೂ ತೂಕಡಿಸ್ತಿರ್ಲಿಲ್ಲ. ರಾಜಸ್ಥಾನದ ಬಾಡ್‌ಮೇರಿನ ಮಂಗಳಾ ಫೀಲ್ಡಿನ ಕಚ್ಚಾ ಎಣ್ಣೆ ಮೇಣದ ಥರ ಹೆಪ್ಪುಗಟ್ಟುತ್ತೆ, ಅದಕ್ಕೆ ಪೈಪ್‌ಲೈನನ್ನ ಉದ್ದಕ್ಕೂ ಬಿಸಿ ಮಾಡ್ಕೊಂಡೇ ಸಾಗಿಸ್ತಾರೆ ಅನ್ನೋದೂ ಅವರಿಂದಾನೇ ಗೊತ್ತಾಗಿದ್ದು. ಇಡೀ ಸಬ್ಜೆಕ್ಟಿನ ಬುಡದಲ್ಲಿರೋ, ಕಲ್ಲು ಮರಳಿನ ಸಂದೀಲಿ ದ್ರವ ಎಷ್ಟು ಬೇಗ ಹರಿಯುತ್ತೆ ಅಂತ ಹೇಳೋ ಡಾರ್ಸಿ ನಿಯಮಾನೂ ಎಣ್ಣೆಗೆ ಹುಟ್ಟಿದ್ದಲ್ಲ, 1856ರಲ್ಲಿ ಫ್ರಾನ್ಸಿನ ಡಿಜಾನ್ ಊರಿನ ಕುಡಿಯೋ ನೀರಿನ ವಿಷಯಕ್ಕೆ ಮರಳಲ್ಲಿ ನೀರು ಹರಿಸಿ ನೋಡಿ ಬರೆದಿದ್ದು. ಇದನ್ನ ಅಪ್ಪಂಗೆ ಹೇಳಿದ್ದೇ ತಪ್ಪಾಯ್ತು, ಹಂಗಾದ್ರೆ ತೋಟಕ್ಕೆ ಬೋರ್ ಪಾಯಿಂಟ್ ನೀನೇ ತೋರ್ಸು ಅಂದ್ರು, ಆಮೇಲೆ ತೆಂಗಿನಕಾಯಿ ಹಿಡಿಯೋನನ್ನೇ ಕರೆಸಿದ್ರು.

ಈಗ ಲ್ಯಾಬು. ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಎಂ.ಟೆಕ್ಕಲ್ಲಿ ನೀವು ಕೊಳ್ಳೋ ಮಾಲು ಇದೇ, ಪಾಠ ಆನ್‌ಲೈನಲ್ಲೂ ಸಿಗುತ್ತೆ.

ನಮ್ಮ ಮುಖ್ಯ ಪ್ರಯೋಗ ಕೋರ್ ಫ್ಲಡಿಂಗ್. ಕೋರ್ ಅಂದ್ರೆ ಒಂದೂವರೆ ಇಂಚು ದಪ್ಪ ಮೂರಿಂಚು ಉದ್ದದ ಕಲ್ಲಿನ ತುಂಡು, ನಮ್ಮಲ್ಲಿ ಅಮೆರಿಕದ ಓಹಾಯೋದಿಂದ ಬರೋ ಬೆರಿಯಾ ಮರಳುಗಲ್ಲು. ಮೊದ್ಲು ಉಪ್ಪುನೀರು ತುಂಬಿಸ್ಬೇಕು, ಆಮೇಲೆ ಎಣ್ಣೆ ತುಂಬಿಸ್ಬೇಕು, ಆಮೇಲೆ ನೀರಲ್ಲಿ ತಳ್ಬೇಕು, ಅದೂ ನೆಲದೊಳಗೆ ಹರಿಯೋ ಸ್ಪೀಡಲ್ಲಿ ಅಂದ್ರೆ ದಿನಕ್ಕೆ ಒಂದಡಿ ಲೆಕ್ಕದಲ್ಲಿ, ಕೊನೆಗೆ ನೀರನ್ನ ಮಂದ ಮಾಡೋ ಪಾಲಿಮರ್ ಕಲಸಿ ಒಳಗೆ ಹರಿಸಿ ಇನ್ನೆಷ್ಟು ಎಣ್ಣೆ ಬರುತ್ತೆ ನೋಡ್ಬೇಕು. ಆ ಕಲ್ಲಿನ ಸಂದಿಗಳ ಒಟ್ಟು ಜಾಗ ಸುಮಾರು 17 ಎಂಎಲ್, ಕೆಮ್ಮಿನ ಸಿರಪ್ಪು ಮೂರು ಚಮಚಕ್ಕಿಂತ ಚೂರು ಜಾಸ್ತಿ. ಅದರಲ್ಲಿ ಅರ್ಧ ಎಂಎಲ್ ಹೆಚ್ಚುಕಮ್ಮಿ ಆದ್ರೆ ಗ್ರಾಫೇ ಬೇರೆ. ಹಾಗಾಗಿ ಇಲ್ಲಿ ಪಂಪೇ ದೇವ್ರು.

ಆ ದೇವ್ರು ನಾನು ಸೇರಿದ ಎರಡನೇ ಸೆಮಿಸ್ಟರಲ್ಲಿ ಕೈಕೊಡ್ತು. ಒಂದು ಸೀಲು. ಕೈಯಲ್ಲಿ ಹಿಡಿಯೋ ಅಷ್ಟು ಪುಟ್ಟ ಸೀಲಿಗೆ ಕೊಟೇಶನ್ನು, ಅದಕ್ಕೆ ಕಮಿಟಿ, ಕಮಿಟೀಲಿ ಒಬ್ರು ರಜೆ, ಮತ್ತೆ ಕೊಟೇಶನ್ನು, ಹಿಂಗೇ ಏಳು ತಿಂಗಳು. ಲ್ಯಾಬ್ ಅಸಿಸ್ಟೆಂಟ್ ಅಣ್ಣ ಒಳ್ಳೆ ಮನುಷ್ಯ, ಅವರನ್ನ ಬೈಯಲ್ಲ. ಅಷ್ಟರಲ್ಲಿ ನಾನೇನ್ ಮಾಡ್ದೆ? ಟಾಲ್ಯೂಈನ್ ಅನ್ನೋ ಸಾಲ್ವೆಂಟಲ್ಲಿ ಕೋರ್ ತೊಳೆದೆ. ಸಾಕ್ಸ್‌ಲೆಟ್ ಅನ್ನೋ ಗಾಜಿನ ಸೆಟಪ್ಪಲ್ಲಿ ದಿನಗಟ್ಟಲೆ ಕುದಿಸಿ ತೊಳೆಯೋದು. ತೊಳೆದಿದ್ದನ್ನೇ ಮತ್ತೆ ತೊಳೆದೆ. ಪಾಲಿಮರ್ ಕಲಸೋದು ಮಾತ್ರ ಚೆನ್ನಾಗಿ ಕಲ್ತೆ. ಎಚ್‌ಪಿಎಎಂ ಅಂತ ಬಿಳೀ ಪುಡಿ, ನೀರು ಜೋರಾಗಿ ತಿರುಗ್ತಿರುವಾಗ ಸುಳಿಯ ಅಂಚಿಗೆ ಚೂರುಚೂರೇ ಉದುರಿಸ್ಬೇಕು, ಒಮ್ಮೆಗೇ ಸುರಿದ್ರೆ ಗಂಟು, ಆ ಗಂಟಿಗೆ ಫಿಶ್ ಐ ಅಂತಾರೆ. ಕರಗೋಕೆ ಶುರುವಾದ ಮೇಲೆ ಮತ್ತೆ ಜೋರಾಗಿ ತಿರುಗ್ಸಂಗಿಲ್ಲ, ಉದ್ದುದ್ದ ಅಣುಗಳು ತುಂಡಾಗಿ ಅಂಟೇ ಹೋಗುತ್ತೆ. ಮುದ್ದೆ ತಿರುವಿ ಅಭ್ಯಾಸ ಇದ್ದೋರಿಗೆ ಮೊದಲನೇ ಅರ್ಧ ಸುಲಭ. ನಮ್ಮ ಬ್ಯಾಚಿನ ಪಂಜಾಬಿ ಹುಡುಗ ಮೂರು ಸಲ ಗಂಟು ಮಾಡಿದ.

ಪ್ಲಾನ್ ಹಾಕಿದ್ದು ಹನ್ನೆರಡು ಫ್ಲಡ್ಡು, ಆಗಿದ್ದು ಮೂರು. ಮಿಕ್ಕಿದ್ದಕ್ಕೆ ಕಂಪ್ಯೂಟರಲ್ಲಿ ಸಿಮ್ಯುಲೇಶನ್ ಮಾಡಪ್ಪ ಅಂದ್ರು ಗೈಡ್. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಲೈಸೆನ್ಸು ಇಡೀ ಡಿಪಾರ್ಟ್‌ಮೆಂಟಿಗೆ ಬೆರಳೆಣಿಕೆಯಷ್ಟು, ರಾತ್ರಿ ಎರಡಕ್ಕೆ ಎದ್ದು ಸೀಟ್ ಹಿಡಿಯೋದು ತತ್ಕಾಲ್ ಟಿಕೆಟ್ ಬುಕ್ ಮಾಡಿದಂಗೆ. ಇದಕ್ಕೆ ದಾರಿ ಇದೆ ನೋಡಿ, ನಂಗೆ ತುಂಬಾ ಲೇಟಾಗಿ ಗೊತ್ತಾಗಿದ್ದು: ನಾರ್ವೆಯ ಸಿಂಟೆಫ್ ಅನ್ನೋ ಸಂಶೋಧನಾ ಸಂಸ್ಥೆಯವರ ಎಂಆರ್‌ಎಸ್‌ಟಿ ಸಾಫ್ಟ್‌ವೇರ್ ಫ್ರೀ, ಆದ್ರೆ ಅದು ಓಡೋಕೆ ದುಡ್ಡು ಕೊಡೋ ಮ್ಯಾಟ್‌ಲ್ಯಾಬ್ ಬೇಕು. ಓಪಿಎಂ ಫ್ಲೋ ಅಂತೂ ಪೂರ್ತಿ ಫ್ರೀ. ಡೇಟಾ ಇಲ್ಲ ಅನ್ನೋ ನೆಪಾನೂ ಬೇಡ, ಉತ್ತರ ಸಮುದ್ರದ ವೋಲ್ವೆ ಫೀಲ್ಡಿನ ಡೇಟಾನ ನಾರ್ವೆಯ ಎಣ್ಣೆ ಕಂಪನಿ ಈಕ್ವಿನಾರ್ 2018ರಲ್ಲೇ ಎಲ್ರಿಗೂ ಬಿಟ್ಟಿದೆ, ಬಾವಿಯೊಳಗಿನ ಅಳತೆ ದಾಖಲೆಯಿಂದ ಹಿಡಿದು ದಿನದ ಉತ್ಪಾದನೆ ತನಕ. ಸಿಮ್ಯುಲೇಟರ್ ಪರೀಕ್ಷೆಗೆ ಎಲ್ರೂ ಬಳಸೋ ಎಸ್‌ಪಿಇ ಟೆನ್ ಮಾಡೆಲ್ಲಲ್ಲಿ 11 ಲಕ್ಷ 22 ಸಾವಿರ ಸೆಲ್ಲು, ನನ್ನ ಲ್ಯಾಪ್‌ಟಾಪು ಅದನ್ನ ಓಡಿಸೋವಾಗ ದೋಸೆ ಹಾಕ್ಬೋದಿತ್ತು. ಆದ್ರೂ ಇದನ್ನೆಲ್ಲ ಮನೇಲಿ ಕೂತೂ ಮಾಡ್ಬೋದಲ್ವಾ? ಅದಕ್ಕೆ ಎರಡು ವರ್ಷ ಹಾಸ್ಟೆಲ್ ದಾಲ್ ಯಾಕೆ ತಿನ್ಬೇಕು?

ಪ್ಲೇಸ್‌ಮೆಂಟ್ ಬಗ್ಗೆ ಎರಡೇ ಮಾತು. 2020ರ ಏಪ್ರಿಲ್ 20ಕ್ಕೆ ಅಮೆರಿಕದ ಕಚ್ಚಾ ಎಣ್ಣೆ ಬೆಲೆ ಮೈನಸ್ 37 ಡಾಲರ್ ಆಗಿತ್ತಲ್ಲ, ಆ ಸುದ್ದಿ ಓದ್ಕೊಂಡೂ ಮುಂದಿನ ವರ್ಷ ಸೇರಿದೋನು ನಾನು, ನನ್ನ ಸಲಹೆ ಎಷ್ಟು ನಂಬ್ಬೇಕು ನೀವೇ ಯೋಚ್ನೆ ಮಾಡಿ. ಒಎನ್‌ಜಿಸಿಯ ಇಂಜಿನಿಯರ್ ಹುದ್ದೆಗಳಿಗೆ ಬಿಇನೇ ಸಾಕು, ಅದೊಂದಕ್ಕೇ ಎಂ.ಟೆಕ್ ಮಾಡ್ಬೇಡಿ. ಮಂಗ್ಳೂರಲ್ಲಿ ಎಂಆರ್‌ಪಿಎಲ್ ಇದೆ ಅಂತ ಊರೋರೆಲ್ಲ ಹೇಳ್ತಾರೆ, ಅದು ರಿಫೈನರಿ, ಅಲ್ಲಿ ಮುಖ್ಯವಾಗಿ ಕೆಮಿಕಲ್, ಮೆಕ್ಯಾನಿಕಲ್ ಕೆಲಸ. ಕರ್ನಾಟಕದ ನೆಲದಡಿ ಎಣ್ಣೆ ಇರೋದು ಅಂದ್ರೆ ಮಂಗ್ಳೂರಲ್ಲಿ 15 ಲಕ್ಷ ಟನ್, ಪಾದೂರಲ್ಲಿ 25 ಲಕ್ಷ ಟನ್ ಹಿಡಿಸೋ ಗುಹೆಗಳು, ಅದು ಕಷ್ಟಕಾಲಕ್ಕೆ ಅಂತ ನಾವೇ ತಂದು ತುಂಬಿಟ್ಟಿದ್ದು.

ರಿಸರ್ಚ್ ಮುಂದುವರ್ಸೋರಿಗೆ ಮಾತ್ರ ಬೇರೆ ಮಾತು. ಪಿಎಚ್‌ಡಿ ಮಾಡೋರಿಗೆ ಕೊಡೋ ಫೆಲೋಶಿಪ್ಪು 2023ರಿಂದ ತಿಂಗಳಿಗೆ, ಮೊದಲ ಹಂತದ ಜೆಆರ್‌ಎಫ್ 37,000, ಮುಂದಿನ ಹಂತದ ಎಸ್‌ಆರ್‌ಎಫ್ 42,000, ಬದುಕ್ಬೋದು. ಎಣ್ಣೆ ತೆಗೆಯೋ ಗಣಿತಾನೇ ಕಾರ್ಬನ್ ಡೈಆಕ್ಸೈಡನ್ನ ನೆಲದೊಳಗೆ ಹೂಳೋಕೂ ಬೇಕು. ಐಸ್‌ಲ್ಯಾಂಡಲ್ಲಿ ಬಸಾಲ್ಟ್ ಕಲ್ಲಿಗೆ ಒತ್ತಿದ ಗ್ಯಾಸು ಎರಡೇ ವರ್ಷದಲ್ಲಿ ಹೆಚ್ಚುಕಮ್ಮಿ ಪೂರ್ತಿ ಕಲ್ಲಾಗಿದೆ, ಅದೇ ಜಾತಿ ಕಲ್ಲು ನಮ್ಮ ಬೆಳಗಾವಿ ವಿಜಯಪುರ ಕಡೆ ರಾಶಿ ಇದೆ. ಈ ಕಾರ್ಬನ್ ಹಿಡಿಯೋ ಸಂಶೋಧನೆಗೆ ಬೆಂಗ್ಳೂರಿನ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೇಲೇ ಒಂದು ರಾಷ್ಟ್ರೀಯ ಕೇಂದ್ರ ಮಾಡಿದಾರೆ. ನಂಗೆ ಇದು ಮೊದ್ಲೇ ಹೊಳೆದಿದ್ರೆ ಪಾಲಿಮರ್ ಸಹವಾಸಕ್ಕೇ ಹೋಗ್ತಿರ್ಲಿಲ್ಲ.

ಸೀಟ್ ಸಿಕ್ಕಿದೆ ಸೇರ್ಲಾ ಬೇಡ್ವಾ ಅಂತ ಕೇಳೋರು ವೆಬ್‌ಸೈಟಲ್ಲಿರೋ ಲ್ಯಾಬ್ ಫೋಟೋ ನೋಡಿ ಮರುಳಾಗ್ಬೇಡಿ, ಅದು ಉದ್ಘಾಟನೆ ದಿನ ತೆಗೆದಿದ್ದು, ರಿಬ್ಬನ್ ಇನ್ನೂ ಕಾಣ್ಸುತ್ತೆ. ಅಲ್ಲಿ ಓದ್ತಿರೋ ಪಿಎಚ್‌ಡಿ ಸೀನಿಯರ್ ಒಬ್ಬರನ್ನ ಹಿಡ್ಕೊಂಡು ಪಂಪ್ ಲಾಸ್ಟ್ ಯಾವಾಗ ಓಡ್ತು, ಕೆಟ್ರೆ ಯಾರು ಬರ್ತಾರೆ ಅಂತ ಕೇಳಿ. ಉತ್ತರ ಕೊಡೋಕೆ ಮುಂಚೆ ಅವರು ನಕ್ರೆ ಅರ್ಥ ಮಾಡ್ಕೊಳ್ಳಿ.

ಅಪ್‌ಡೇಟ್: ಲ್ಯಾಬಿಗೆ ಮೊದ್ಲು ಒಂದೇ ಸ್ಟಾರ್ ಕೊಟ್ಟಿದ್ದೆ. ನಿನ್ನೆ ಜೂನಿಯರ್ ಒಬ್ಬ ಫೋಟೋ ಕಳ್ಸಿದ, ಹೊಸಾ ಪಂಪು ಬಂದಿದೆ, ಹೋಲ್ಡರಿಗೆ ಹಾಕೋಕೆ ಅಂತ ಟ್ರೇನಲ್ಲಿ ಇಟ್ಟಿರೋ ಕಲ್ಲಿನ ಮೇಲೆ ನನ್ನ ಕೈಬರಹದಲ್ಲಿ 4 ಅಂತ ಇತ್ತು. ನಾನು ಎರಡು ಸಲ ತೊಳೆದಿಟ್ಟಿದ್ದ ಕೋರ್. ಹಾಗಾಗಿ ಅರ್ಧ ಜಾಸ್ತಿ ಮಾಡಿದೀನಿ.